ಅಪ್‌ಗ್ರೇಡ್ ನಡುವೆ ಕರೆಂಟು ಹೋದರೆ

ಪ್ರಶ್ನೆ: ನಮ್ಮ ಅಡಿಕೆ ಬೆಳೆಗಾರರ ಸಂಘದ ಧಾರಣೆ ಆ್ಯಪ್ ಮೂರು ನೋಡ್‌ಗಳ ಕೆ3ಎಸ್ ಕ್ಲಸ್ಟರಿನಲ್ಲಿದೆ (ಹಲವು ಸರ್ವರ್, ಅಂದರೆ ನೋಡ್, ಸೇರಿಸಿ ಆ್ಯಪ್ ಓಡಿಸುವ ಹಗುರ ಕುಬರ್ನೆಟಿಸ್ ವ್ಯವಸ್ಥೆ). ಮನೆಯ ಲ್ಯಾಪ್‌ಟಾಪಿನಿಂದ ಕ್ಲಸ್ಟರಿನಲ್ಲಿ ಆ್ಯಪ್ ಹಾಕಿ ಬದಲಿಸುವ ಹೆಲ್ಮ್ 3ರಲ್ಲಿ, ಎಲ್ಲ ಏಳುವವರೆಗೆ ಕಾಯುವ --ವೇಟ್ ಹಾಕಿ ಅಪ್‌ಗ್ರೇಡ್ ಕೊಟ್ಟಿದ್ದೆ. ಅರ್ಧದಲ್ಲಿ ಮಳೆಗೆ ಕರೆಂಟು ಹೋಗಿ ರೂಟರ್ ಆಫ್ ಆಯಿತು. ಈಗ ಮತ್ತೆ ಕೊಟ್ಟರೆ ಬೇರೊಂದು ಕೆಲಸ ನಡೆಯುತ್ತಿದೆ ಅನ್ನುತ್ತದೆ. ಹೆಲ್ಮ್ ಲಿಸ್ಟ್‌ನಲ್ಲಿ ರಿಲೀಸೇ (ಹಾಕಿದ್ದ ಆ್ಯಪಿನ ದಾಖಲೆಯೇ) ಇಲ್ಲ! ಅನ್‌ಇನ್‌ಸ್ಟಾಲ್ ಮಾಡಿ ಹೊಸದಾಗಿ ಹಾಕಿಬಿಡಲೇ?
– ಓದುಗರು, ತೀರ್ಥಹಳ್ಳಿ

ಉತ್ತರ: ಅದೊಂದು ಮಾಡಬೇಡಿ. ಡೇಟಾಬೇಸಿನ ಪಿವಿಸಿ (ಡಿಸ್ಕಿನ ಜಾಗ ಕೇಳುವ ದಾಖಲೆ) ಚಾರ್ಟಿನ (ಹೆಲ್ಮ್ ಪ್ಯಾಕೇಜಿನ) ಟೆಂಪ್ಲೇಟಿನಲ್ಲೇ ಇದ್ದರೆ ಅನ್‌ಇನ್‌ಸ್ಟಾಲ್ ಅದನ್ನೂ ಅಳಿಸುತ್ತದೆ. ಕೆ3ಎಸ್ ಜೊತೆ ಬರುವ ಲೋಕಲ್-ಪಾತ್ ಸ್ಟೋರೇಜಿನ ನಿಯಮ 'ಡಿಲೀಟ್'. ಪಿವಿಸಿ ಹೋದರೆ ಡೇಟಾವೂ ಹೋಯಿತು.

ರಿಲೀಸ್ ಎಲ್ಲೂ ಹೋಗಿಲ್ಲ. ಲಿಸ್ಟ್ ಸುಮ್ಮನೆ ಕೊಟ್ಟರೆ 'ಡಿಪ್ಲಾಯ್ಡ್' ಮತ್ತು 'ಫೇಲ್ಡ್' ಮಾತ್ರ ತೋರಿಸುತ್ತದೆ. -ಎ ಸೇರಿಸಿ, 'ಪೆಂಡಿಂಗ್-ಅಪ್‌ಗ್ರೇಡ್' ಎಂದು ಕಾಣುತ್ತದೆ. ಕ್ಲಸ್ಟರಿನೊಳಗೆ ಕೂತು ಕೆಲಸ ಮಾಡುತ್ತಿದ್ದ, ಹೆಲ್ಮಿನ ಸರ್ವರ್ ಭಾಗವಾದ ಟಿಲ್ಲರನ್ನು 2019ರ ಹೆಲ್ಮ್ 3ರಲ್ಲಿ ತೆಗೆದರು. ಈಗ ಎಲ್ಲವನ್ನೂ ನಿಮ್ಮ ಲ್ಯಾಪ್‌ಟಾಪೇ ನಡೆಸುತ್ತದೆ. ಶುರುವಿನಲ್ಲಿ ನೇಮ್‌ಸ್ಪೇಸಿನ (ಕ್ಲಸ್ಟರಿನಲ್ಲಿ ನಿಮ್ಮ ಆ್ಯಪ್ ಇರುವ ವಿಭಾಗದ) ಸೀಕ್ರೆಟ್ ಎಂಬ ಒಂದು ದಾಖಲೆಯಲ್ಲಿ 'ಪೆಂಡಿಂಗ್' ಎಂದು ಬರೆದಿಟ್ಟಿತು, ಮುಗಿದಾಗ ತಿದ್ದಬೇಕಿತ್ತು, ಅಷ್ಟರಲ್ಲಿ ನೆಟ್ ಇಲ್ಲ. ಅಲ್ಲಿ ಯಾವ ಕೆಲಸವೂ ನಡೆಯುತ್ತಿಲ್ಲ, ಷರಾ ಮಾತ್ರ ಉಳಿದಿದೆ.

ಹೆಲ್ಮ್ ಹಿಸ್ಟರಿ ಕೊಡಿ, ನೇಮ್‌ಸ್ಪೇಸ್ ಮರೆಯಬೇಡಿ. 7ನೆಯ ರಿವಿಜನ್ ಪೆಂಡಿಂಗ್, 6 ಡಿಪ್ಲಾಯ್ಡ್ ಎಂದಿದ್ದರೆ, ರಿಲೀಸಿನ ಹೆಸರು ಕೊಟ್ಟು 6ಕ್ಕೆ ರೋಲ್‌ಬ್ಯಾಕ್ ಮಾಡಿ (ಹಿಂದಿರುಗಿಸಿ). ಅದು 8 ಎಂದು ದಾಖಲಾಗುತ್ತದೆ. ಆಮೇಲೆ ಅಪ್‌ಗ್ರೇಡ್ ಎಂದಿನಂತೆ ಓಡುತ್ತದೆ. ಆದರೆ ಹೊಸ ಆವೃತ್ತಿ ಡೇಟಾಬೇಸಿನ ಟೇಬಲ್ ಬದಲಿಸಿದ್ದರೆ ರೋಲ್‌ಬ್ಯಾಕ್ ಅದನ್ನು ಹಿಂದಕ್ಕೆ ತರುವುದಿಲ್ಲ, ಮೊದಲು ಬ್ಯಾಕಪ್.

ಅಪ್‌ಗ್ರೇಡ್ ಕೆಟ್ಟರೆ ತಾನೇ ವಾಪಸ್ ತಿರುಗಿಸುವ --ಅಟಾಮಿಕ್ ಹಾಕಿದ್ದರೆ ಉಳಿಯುತ್ತಿತ್ತೇ? ಇಲ್ಲ. ವಾಪಸ್ ತಿರುಗಿಸುವುದೂ ಲ್ಯಾಪ್‌ಟಾಪಿನ ಕೆಲಸವೇ. ಸರ್ವರಿಗೆ ಎಸ್‌ಎಸ್‌ಎಚ್‌ನಲ್ಲಿ (ದೂರದಿಂದ ಲಾಗಿನ್) ಹೋಗಿ ಟಿಮಕ್ಸ್ (ಸಂಪರ್ಕ ಕಡಿದರೂ ಓಡುತ್ತಿರುವ ಟರ್ಮಿನಲ್) ಒಳಗೆ ಹೆಲ್ಮ್ ಓಡಿಸಿ, ನಿಮ್ಮ ಮನೆಯ ಲೈನ್ ಹೋದರೂ ಅದು ಮುಗಿಸುತ್ತದೆ.

ಇನ್ನೊಂದು ಲೆಕ್ಕ. 800 ಎಂಬಿ ಇಮೇಜು (ಆ್ಯಪಿನ ಕಂಟೇನರ್ ಪ್ಯಾಕೇಜು) 10 ಎಂಬಿಪಿಎಸ್ ಲೈನಿನಲ್ಲಿ ಇಳಿಯಲು ಹತ್ತಿರ ಹತ್ತಿರ 11 ನಿಮಿಷ. ಮೂರು ನೋಡ್‌ಗೂ ಒಂದೇ ಲೈನಾದರೆ ಅರ್ಧ ಗಂಟೆ ದಾಟಿತು. ಬೇರೆ ಹೇಳದಿದ್ದರೆ ಹೆಲ್ಮ್ ಕಾಯುವುದು 5 ನಿಮಿಷ. --ಟೈಮ್‌ಔಟ್ ಏರಿಸುವುದಕ್ಕಿಂತ ಹಿಂದಿನ ರಾತ್ರಿಯೇ ಪ್ರತಿ ನೋಡಿನಲ್ಲೂ ಇಮೇಜು ಇಳಿಸಿಡುವುದು ಮೇಲು. ಇಮೇಜಿನ ಟ್ಯಾಗ್ (ಆವೃತ್ತಿಯ ಗುರುತು) 'ಲೇಟೆಸ್ಟ್' ಬೇಡ: ಪುಲ್ ಪಾಲಿಸಿ (ಇಮೇಜು ಯಾವಾಗ ಇಳಿಸಬೇಕೆಂಬ ನಿಯಮ) ಹೇಳದಿದ್ದರೆ ಕ್ಲಸ್ಟರು ಪ್ರತಿಸಲ ರಿಜಿಸ್ಟ್ರಿಯನ್ನು (ಇಮೇಜು ಇಟ್ಟಿರುವ ಸರ್ವರನ್ನು) ಕೇಳುತ್ತದೆ, ನೆಟ್ ಇಲ್ಲದಾಗ ಪಾಡ್ (ಆ್ಯಪಿನ ಓಡುವ ಪ್ರತಿ) ಏಳುವುದಿಲ್ಲ. ನಂಬರಿನ ಟ್ಯಾಗ್ ಕೊಡಿ.

ಪ್ರಶ್ನೆ: ಹೆಲ್ಮ್ ಚಾರ್ಟಿನ ಸೆಟ್ಟಿಂಗ್ ಬರೆಯುವ ವ್ಯಾಲ್ಯೂಸ್ ಫೈಲಿನಲ್ಲಿ ಹತ್ತು ಅಂಕಿಯ ಮೊಬೈಲ್ ನಂಬರ್ ಬರೆದರೆ ಆ್ಯಪ್‌ನಲ್ಲಿ ದಶಾಂಶ ಚುಕ್ಕಿ, 'ಇ+09' ಎಂದು ಏನೇನೋ ಬರುತ್ತದೆ.
– ಓದುಗರು, ಸಾಗರ

ಉತ್ತರ: ಹೆಲ್ಮ್ ಅದನ್ನು ದಶಾಂಶ ಸಂಖ್ಯೆ ಎಂದು ಓದಿದೆ. ವ್ಯಾಲ್ಯೂಸ್ ಫೈಲಿನಲ್ಲೇ ನಂಬರಿಗೆ ಉದ್ಧರಣ ಚಿಹ್ನೆ ಹಾಕಿ. ಟೆಂಪ್ಲೇಟಿನಲ್ಲಿ ಕೋಟ್ ಫಂಕ್ಷನ್ ಹಾಕಿದರೆ ಸಾಲದು, ಅಲ್ಲಿಗೆ ಬರುವಷ್ಟರಲ್ಲಿ ನಂಬರು ಕೆಟ್ಟಿರುತ್ತದೆ.