ಓದುಗರ ಪ್ರಶ್ನೆ: ಬ್ರಷ್ಷಿನಲ್ಲಿ ನೆಟ್ಟಗಿನ ಗೆರೆ

ಪ್ರಶ್ನೆ: ಗಿಂಪ್ ಎಂಬ ಚಿತ್ರ ತಂತ್ರಾಂಶದಲ್ಲಿ ಶಿಫ್ಟ್ ಹಿಡಿದು ಎರಡು ಕಡೆ ಟ್ಯಾಬ್ಲೆಟ್ಟಿನ ಪೆನ್ ಒತ್ತಿದರೆ ಗೆರೆ ನೆಟ್ಟಗೆ ಬರುತ್ತದೆ, ಆದರೆ ಕೂದಲೆಳೆಯಷ್ಟು ತೆಳು. ಅದೇ ಬ್ರಷ್ಷಿನಲ್ಲಿ ಕೈಯಿಂದ ಎಳೆದರೆ ದಪ್ಪ ಸರಿಯಾಗಿಯೇ ಇರುತ್ತದೆ. ಯಾಕೆ ಹೀಗೆ?

ಉತ್ತರ: ಬ್ರಷ್ ಕೆಟ್ಟಿಲ್ಲ, ಟ್ಯಾಬ್ಲೆಟ್ಟೂ ಕೆಟ್ಟಿಲ್ಲ. ಕೈಯಿಂದ ಎಳೆಯುವಾಗ ಪೆನ್ನಿನ ಒತ್ತಡ ಗೆರೆಯುದ್ದಕ್ಕೂ ಕಂಪ್ಯೂಟರಿಗೆ ತಲುಪುತ್ತಲೇ ಇರುತ್ತದೆ. ಶಿಫ್ಟ್ ಹಿಡಿದಾಗ ಅದಕ್ಕೆ ಸಿಗುವುದು ಎರಡು ತುದಿ ಮಾತ್ರ. ಆ ಎರಡು ಕಡೆ ನೀವು ಪೆನ್ ಮುಟ್ಟಿಸಿ ತೆಗೆಯುತ್ತೀರಿ, ಒತ್ತಡ ಹೆಸರಿಗಷ್ಟೇ ಇರುತ್ತದೆ. ನಡುವಿನ ಗೆರೆಯೂ ಅದೇ ಲೆಕ್ಕದಲ್ಲಿ ತುಂಬಿಕೊಂಡು ತೆಳುವಾಗುತ್ತದೆ.

ಇಂಥ ಗೆರೆಗೆ ಒತ್ತಡದ ಹಂಗೇ ಬೇಡ. ಟೂಲ್ ಆಪ್ಷನ್ಸ್‌ನಲ್ಲಿ ಡೈನಾಮಿಕ್ಸ್ (ಒತ್ತಡಕ್ಕೆ ತಕ್ಕಂತೆ ಗೆರೆ ಬದಲಿಸುವ ಸೆಟ್ಟಿಂಗ್) ಆಫ್ ಮಾಡಿಕೊಳ್ಳಿ. ಮೊದಲ ತುದಿಯಲ್ಲಿ ಶಿಫ್ಟ್ ಇಲ್ಲದೆ ಒಂದು ಚುಕ್ಕಿ ಇಡಿ. ಆಮೇಲೆ ಶಿಫ್ಟ್ ಹಿಡಿದರೆ ಆ ಚುಕ್ಕಿಯಿಂದ ಕರ್ಸರಿನವರೆಗೆ ಸಣ್ಣದೊಂದು ಮಾರ್ಗಸೂಚಿ ಗೆರೆ ಕಾಣುತ್ತದೆ. ಅದು ಸರಿಯಾದ ಜಾಗಕ್ಕೆ ಬಂದಾಗ ಒತ್ತಿ. ಜೊತೆಗೆ ಕಂಟ್ರೋಲ್ ಕೂಡ ಹಿಡಿದರೆ ಗೆರೆ 15 ಡಿಗ್ರಿಗೊಂದರಂತೆ ಮಾತ್ರ ತಿರುಗುತ್ತದೆ. ಬೇರೆ ಕಡೆ ಹೊಸ ಗೆರೆ ಶುರುಮಾಡುವ ಮುಂಚೆ ಶಿಫ್ಟ್ ಬಿಡಲೇಬೇಕು, ಇಲ್ಲದಿದ್ದರೆ ಹಳೆಯ ತುದಿಯಿಂದಲೇ ಚಿತ್ರದ ನಡುವೆ ಅಡ್ಡಗೆರೆ ಬೀಳುತ್ತದೆ.

ಫೋಟೋಶಾಪ್‌ನಲ್ಲಿಯೂ ಶಿಫ್ಟ್ ಕೆಲಸ ಇದೇ. ಅಲ್ಲಿ ಬ್ರಷ್ ಸೆಟ್ಟಿಂಗ್ಸ್‌ನ ಶೇಪ್ ಡೈನಾಮಿಕ್ಸ್‌ನಲ್ಲಿ ಗಾತ್ರದ ‘ಕಂಟ್ರೋಲ್’ ಆಯ್ಕೆಯನ್ನು ‘ಆಫ್’ ಮಾಡಿದರೂ ಗೆರೆ ತೆಳುವಾಗಿಯೇ ಉಳಿದರೆ, ಮೇಲಿನ ಪಟ್ಟಿಯಲ್ಲಿ ಒತ್ತಡದಿಂದ ಗಾತ್ರ ಬದಲಿಸುವ ಗುಂಡಿ ಆನ್ ಆಗಿದೆಯೇ ನೋಡಿ. ಬ್ರಷ್ಷಿನ ಸೆಟ್ಟಿಂಗ್‌ಗಿಂತ ಅದರ ಮಾತೇ ಮೇಲು.

ವಿಂಡೋಸ್ ಬಳಸುವವರಿಗೆ ಇನ್ನೊಂದು ಕಾಟವಿದೆ: ಶಿಫ್ಟ್ ಅನ್ನು ಬೆನ್ನುಬೆನ್ನಿಗೆ 5 ಸಲ ಒತ್ತಿದರೆ ಸ್ಟಿಕಿ ಕೀಸ್ (ಕೀ ಒತ್ತಿಹಿಡಿಯದೆಯೂ ಒತ್ತಿದಂತೆ ಇರಿಸುವ ಸೌಲಭ್ಯ) ಕಿಟಕಿ ಎದ್ದು ನಿಲ್ಲುತ್ತದೆ. ಆಕ್ಸೆಸಿಬಿಲಿಟಿ ಸೆಟ್ಟಿಂಗ್ಸ್‌ನ ಕೀಬೋರ್ಡ್ ಭಾಗಕ್ಕೆ ಹೋಗಿ ಆ ಶಾರ್ಟ್‌ಕಟ್ ಆಫ್ ಮಾಡಿಬಿಡಿ.

ಪ್ರಶ್ನೆ: ಹಂಚಿನ ಮನೆಯೊಂದನ್ನು ಕ್ರಿತಾ ಎಂಬ ಚಿತ್ರ ತಂತ್ರಾಂಶದಲ್ಲಿ ಬಿಡಿಸುತ್ತಿದ್ದೇನೆ. ಹಂಚಿನ ಸಾಲುಗಳು ಸಮಾನಾಂತರವಾಗಿರಬೇಕು, ಆದರೆ ಸ್ಕೇಲ್ ಇಟ್ಟು ಎಳೆದಂತೆ ಕಾಣಬಾರದು. ದಾರಿಯಿದೆಯೇ?

ಉತ್ತರ: ಇದೆ, ಮತ್ತು ಈ ಕೆಲಸಕ್ಕೆ ಕ್ರಿತಾ ನಿಜಕ್ಕೂ ಒಳ್ಳೆಯದು. ಒಂದೆರಡೇ ಗೆರೆ ಬೇಕಿದ್ದರೆ ಬ್ರಷ್ ಹಿಡಿದಿರುವಾಗಲೇ ‘ವಿ’ ಕೀ ಒತ್ತಿಹಿಡಿದು ಎಳೆಯಿರಿ, ಲೈನ್ ಟೂಲ್ ತಾತ್ಕಾಲಿಕವಾಗಿ ಬರುತ್ತದೆ. ಲೈನ್ ಟೂಲಿನ ಆಯ್ಕೆಗಳಲ್ಲಿ ‘ಯೂಸ್ ಸೆನ್ಸರ್ಸ್’ ಟಿಕ್ ಮಾಡಿದ್ದರೆ ಪೆನ್ನಿನ ಒತ್ತಡವೂ ಗೆರೆಗೆ ಇಳಿಯುತ್ತದೆ. ಆದರೆ ತುದಿಯಿಂದ ತುದಿಗೆ ಜಿಗಿಯಬೇಡಿ. ನಿಜವಾಗಿ ಗೆರೆ ಎಳೆಯುವ ಹಾಗೆಯೇ, ಹಗುರಾಗಿ ಶುರುಮಾಡಿ ನಡುವೆ ಒತ್ತಿ ಕೊನೆಗೆ ಹಗುರಾಗಿಸಿ ಪೆನ್ ಎತ್ತಿ. ದಾರಿ ನೆಟ್ಟಗಾಗುತ್ತದೆ, ದಪ್ಪದ ಏರಿಳಿತ ನಿಮ್ಮ ಕೈಯದೇ ಉಳಿಯುತ್ತದೆ.

ಸಾಲುಸಾಲು ಹಂಚಿಗೆ ಮಾತ್ರ ಗೆರೆಗೆ ದಾರಿ ತೋರಿಸುವ ಅಸಿಸ್ಟೆಂಟ್ ಟೂಲ್ ಬೇಕು. ಅದರಲ್ಲಿ ಪ್ಯಾರಲಲ್ ರೂಲರ್ ಆರಿಸಿ, ಸೂರಿನ ಅಂಚಿನ ಮೇಲೆ ಎರಡು ಬಿಂದು ಇಡಿ. ಇನ್ನು ‘ಬಿ’ ಒತ್ತಿ ಬ್ರಷ್ಷಿಗೆ ಮರಳಿ, ಅದರ ಟೂಲ್ ಆಪ್ಷನ್ಸ್‌ನಲ್ಲಿ ‘ಸ್ನ್ಯಾಪ್ ಟು ಅಸಿಸ್ಟೆಂಟ್ಸ್’ ಟಿಕ್ ಮಾಡಿ. ರೂಲರ್ ಕಣ್ಣೆದುರು ಇದ್ದರೂ ಗೆರೆ ಅದಕ್ಕೆ ಹೊಂದಿಕೊಳ್ಳುತ್ತಿಲ್ಲ ಅನ್ನುವವರು ಸಾಮಾನ್ಯವಾಗಿ ಮರೆತಿರುವುದು ಈ ಟಿಕ್ಕನ್ನೇ. ಈಗ ಚಾವಣಿಯ ಮೇಲೆ ಎಲ್ಲಿ ಎಳೆದರೂ ಗೆರೆ ಸೂರಿಗೆ ಸಮಾನಾಂತರ. ಕಂಬ, ಗೋಡೆಗಳಿಗೆಂದು ಇನ್ನೂ ರೂಲರ್‌ಗಳನ್ನು ಇಟ್ಟಿದ್ದರೆ ಗೆರೆ ಒಂದರಿಂದ ಇನ್ನೊಂದಕ್ಕೆ ಹಾರಬಹುದು, ಆಗ ‘ಸ್ನ್ಯಾಪ್ ಸಿಂಗಲ್’ ಕೂಡ ಆನ್ ಮಾಡಿ. ಸಾಲುಗಳ ನಡುವಿನ ಅಂತರವನ್ನು ಕಣ್ಣಳತೆಯಲ್ಲೇ ಬಿಡಿ. ಹಳೆಯ ಹಂಚಿನ ಮಾಡಿನಲ್ಲಿ ಯಾವ ಎರಡು ಸಾಲೂ ಪೂರ್ತಿ ಒಂದೇ ಸಮ ಇರುವುದಿಲ್ಲ.

ಪ್ರಶ್ನೆ: ನಿಧಾನವಾಗಿ ಓರೆಗೆರೆ ಎಳೆದರೆ ಅಲೆ ಅಲೆಯಾಗುತ್ತದೆ. ಕೈ ನಡುಗುತ್ತಿದೆಯೋ, ಟ್ಯಾಬ್ಲೆಟ್ ದೋಷವೋ?

ಉತ್ತರ: ಟ್ಯಾಬ್ಲೆಟ್ಟಿನ ಮೇಲೆ ಪ್ಲಾಸ್ಟಿಕ್ ಸ್ಕೇಲನ್ನು ಓರೆಯಾಗಿಟ್ಟು, ಅದರ ಅಂಚಿಗೆ ಪೆನ್ ತಾಗಿಸಿ ನಿಧಾನವಾಗಿ ಎಳೆಯಿರಿ. ಗೆರೆಯ ನಡುಕ ತಿದ್ದುವ ಸ್ಮೂದಿಂಗ್ ಪೂರ್ತಿ ಆಫ್ ಇರಲಿ. ಆಗಲೂ ಒಂದೇ ಅಂತರದಲ್ಲಿ ಅಲೆ ಕಂಡರೆ ದೋಷ ಟ್ಯಾಬ್ಲೆಟ್ಟಿನ ಸಂವೇದಕದ್ದು. ಅದನ್ನು ಕೈ ತಿದ್ದಲಾರದು, ಬೇಗ ಎಳೆದರೆ ಕಡಿಮೆಯಾಗುತ್ತದೆ. ಗೆರೆ ನೆಟ್ಟಗೆ ಬಂದರೆ ನಡುಕ ಕೈಯದು. ಕ್ರಿತಾದಲ್ಲಿ ನಡುಕ ತಗ್ಗಿಸುವ ಸ್ಟೆಬಿಲೈಸರ್ ಹಾಕಿ, 4 ಮತ್ತು 6 ಕೀಗಳಿಂದ ಕ್ಯಾನ್ವಾಸ್ ತಿರುಗಿಸಿಕೊಂಡು, ಕೈಗೆ ಸಲೀಸಾದ ದಿಕ್ಕಿನಲ್ಲಿ ಎಳೆಯಿರಿ. 5 ಒತ್ತಿದರೆ ಕ್ಯಾನ್ವಾಸ್ ಮೊದಲಿನಂತಾಗುತ್ತದೆ. ಮಣಿಕಟ್ಟು ಊರಿ ಎಳೆದ ಉದ್ದ ಗೆರೆ ಬಿಲ್ಲಿನಂತೆ ಬಾಗುತ್ತದೆ, ಹಾಗಾಗಿ ತೋಳನ್ನು ಭುಜದಿಂದ ಆಡಿಸಿ.