ದೇವರ ಹತ್ತಿರ ಕ್ಷಮೆ ಕೇಳಿದ್ದಾಯ್ತು, ಮಗನ ಹತ್ತಿರ?

ಪ್ರಶ್ನೆ: ನಾನು ಸಂಡೇ ಸ್ಕೂಲಿನಲ್ಲಿ ಮಕ್ಕಳಿಗೆ ಕಲಿಸುತ್ತೇನೆ. ದಿನಾ ಪ್ರಾರ್ಥನೆ ತಪ್ಪಿಸುವುದಿಲ್ಲ. ಆದರೆ ಮನೆಯಲ್ಲಿ ಸಣ್ಣ ವಿಷಯಕ್ಕೂ ಸಿಟ್ಟು ನೆತ್ತಿಗೇರುತ್ತದೆ. ಮೊನ್ನೆ 13 ವರ್ಷದ ಮಗ ಎದುರುತ್ತರ ಕೊಟ್ಟ. ಅವನು ಚಿತ್ರ ಬರೆಯುವ ಪುಸ್ತಕವನ್ನೇ ಕಿತ್ತುಕೊಂಡು ಹರಿದುಬಿಟ್ಟೆ. ಅವತ್ತಿನಿಂದ ಅವನು ಮಾತು ಬಿಟ್ಟಿದ್ದಾನೆ. ರಾತ್ರಿ ಮೊಣಕಾಲೂರಿ ಅತ್ತು ದೇವರಲ್ಲಿ ಕ್ಷಮೆ ಕೇಳುತ್ತೇನೆ. ಆದರೂ ಸಮಾಧಾನವಿಲ್ಲ. ನನ್ನ ವಿಶ್ವಾಸವೇ ಸುಳ್ಳಾ?

ಉತ್ತರ: ಸಹೋದರರೇ, ಸುಳ್ಳಲ್ಲ. ಸುಳ್ಳಾಗಿದ್ದರೆ ಆ ಹರಿದ ಹಾಳೆಗಳು ನಿಮ್ಮನ್ನು ಹೀಗೆ ಕಾಡುತ್ತಿರಲಿಲ್ಲ. ಸಿಟ್ಟು ಬಂದದ್ದೇ ಪಾಪ ಅಂತಲೂ ಅಂದುಕೊಳ್ಳಬೇಡಿ. ಕೈ ಬತ್ತಿದವನನ್ನು ವಾಸಿಮಾಡುವ ದಿನ, ಸುತ್ತ ನಿಂತವರ ಕಲ್ಲುಮನಸ್ಸು ಕಂಡು ಯೇಸುವಿಗೂ ಕೋಪ ಬಂತು, ದುಃಖವೂ ಆಯಿತು ಎಂದು ಬೈಬಲಿನ ಮಾರ್ಕ 3ರಲ್ಲಿದೆ. ಆದರೆ ಆ ಕೋಪದಲ್ಲೂ ಆತ ಮಾಡಿದ್ದು ಅವನ ಕೈ ವಾಸಿಮಾಡುವ ಕೆಲಸ.

ಮತ್ತೆ ಸಮಾಧಾನ ಯಾಕಿಲ್ಲ? ಮತ್ತಾಯ 5ನ್ನು ಇನ್ನೊಮ್ಮೆ ಓದಿ. ಕೋಪದ ಬಗ್ಗೆ ಹೇಳಿದ ಬೆನ್ನಿಗೇ ಯೇಸು ಕಾಣಿಕೆಯ ಮಾತೆತ್ತುತ್ತಾನೆ. ಯಜ್ಞವೇದಿಯ ಹತ್ತಿರ ಬಂದಾಗ ನಿನ್ನಿಂದ ನೊಂದವರು ನೆನಪಾದರೆ ಕಾಣಿಕೆಯನ್ನು ಅಲ್ಲೇ ಬಿಡು, ಮೊದಲು ಹೋಗಿ ರಾಜಿಯಾಗು ಅನ್ನುತ್ತಾನೆ. ಅಂದರೆ ಪ್ರಾರ್ಥನೆಯನ್ನು ಅರ್ಧಕ್ಕೇ ಬಿಟ್ಟು ಏಳಬೇಕು. ನೀವು ದೇವರ ಮುಂದೆ ಅತ್ತಿದ್ದೀರಿ. ಪಕ್ಕದ ಕೋಣೆಯಲ್ಲಿರುವ ಮಗನಿಗೆ ಅದು ಗೊತ್ತೇ ಇಲ್ಲ, ಅಲ್ವಾ?

ಇವತ್ತೇ ಅವನ ಹತ್ತಿರ ಹೋಗಿ. "ನಿನ್ನ ಪುಸ್ತಕ ಹರಿದದ್ದು ನನ್ನ ತಪ್ಪು. ಕ್ಷಮಿಸು" ಅನ್ನಿ. ಅಷ್ಟು ಸಾಕು. "ನೀನು ಹಾಗೆ ಮಾತಾಡದೇ ಇದ್ದಿದ್ದರೆ..." ಅಂತ ಬಾಲ ಸೇರಿಸಬೇಡಿ. ಎದುರುತ್ತರದ ವಿಷಯ ಇನ್ನೊಂದು ದಿನ ಮಾತಾಡಬಹುದು. ಹೊಸ ಪುಸ್ತಕ ಕೊಡಿಸಿ, ಆದರೆ ಕ್ಷಮೆ ಕೇಳುವ ಬದಲಿಗೆ ಅಲ್ಲ. ಅವನು ಕೂಡಲೇ ಕರಗದಿದ್ದರೆ ಕಾಯಿರಿ. "ಕ್ಷಮಿಸಬೇಕು ಅಂತ ದೇವರ ವಾಕ್ಯದಲ್ಲೇ ಇದೆ" ಅಂತ ಅವನಿಗೆ ಬೋಧನೆ ಮಾತ್ರ ಬೇಡ. ವಾಕ್ಯ ಅಪ್ಪನ ಕೈಯಲ್ಲಿ ದೊಣ್ಣೆಯಾದರೆ ಮಗ ವಾಕ್ಯದಿಂದಲೇ ದೂರ ಓಡುತ್ತಾನೆ. ಮಕ್ಕಳನ್ನು ಕೆಣಕಬೇಡಿ, ಅವರ ಮನಸ್ಸು ಕುಗ್ಗಿಹೋಗುತ್ತದೆ ಅಂತ ಕೊಲೊಸ್ಸೆಯವರಿಗೆ ಬರೆದ ಪತ್ರದಲ್ಲಿ ಹೇಳಿರುವುದು ತಂದೆಯರಿಗೇ.

ಇನ್ನು ಮುಂದಿನ ಸಲದ ಮಾತು. ಸಿಟ್ಟು ಹೇಳದೆ ಕೇಳದೆ ಬರುವುದಿಲ್ಲ. ಹಲ್ಲು ಬಿಗಿಯಾಗುತ್ತದೆ, ದನಿ ಏರುತ್ತದೆ. ಆಗಲೇ "ನನಗೆ ಸಿಟ್ಟು ಬರುತ್ತಿದೆ, ಆಮೇಲೆ ಮಾತಾಡೋಣ" ಅಂತ ಹೇಳಿ ಆಚೆ ಹೋಗಿ. ಬಾಗಿಲು ಬಡಿದು ಹೋಗಬೇಡಿ. ದೇವರು ಪ್ರವಾದಿ ಯೋನನಿಗೆ ಕೇಳಿದ ಪ್ರಶ್ನೆಯನ್ನು ನಿಮಗೂ ಕೇಳಿಕೊಳ್ಳಿ: ನೀನು ಸಿಟ್ಟಾಗುವುದು ಸರಿಯಾ? ಎಷ್ಟೋ ಸಲ ಸಿಟ್ಟು ಮಗನ ಮೇಲೆ ಇರುವುದೇ ಇಲ್ಲ. ಹೊರಗೆ ಯಾರೋ ಮಾಡಿದ ಅವಮಾನ, ದಣಿವು, ಸಾಲದ ಚಿಂತೆ ಅವನ ಮೇಲೆ ತಿರುಗಿರುತ್ತದೆ. ಅದನ್ನು ಹೆಸರು ಹಿಡಿದು ದೇವರಿಗೆ ಹೇಳಿ.

ಒಂದು ವೇಳೆ ಕೈಯೂ ಏಳುತ್ತಿದ್ದರೆ ತಡಮಾಡಬೇಡಿ. ನೀವು ನಂಬುವ ಸಭಾಪಾಲಕರಿಗೆ (ಪಾಸ್ಟರ್‌ಗೆ) ಮುಚ್ಚುಮರೆಯಿಲ್ಲದೆ ಹೇಳಿ, ಆಪ್ತ ಸಮಾಲೋಚಕರನ್ನೂ ಈ ವಾರವೇ ಕಾಣಿರಿ.