ನಿಮ್ಮ ‘ಲೋಹ ಹಿಡಿಯುವ ಉಂಗುರಗಳು’ ಲೇಖನದ ಬಗ್ಗೆ

ನಮಸ್ಕಾರ. ಲೋಹದ ಅಯಾನುಗಳನ್ನು (ವಿದ್ಯುದಾವೇಶವಿರುವ ಪರಮಾಣುಗಳನ್ನು) ತೂತಿನಲ್ಲಿ ಹಿಡಿಯುವ ಉಂಗುರದಂಥ ಅಣುಗಳ, ಅಂದರೆ ಕ್ರೌನ್ ಈಥರ್‌ಗಳ, ಕುರಿತ ನಿಮ್ಮ ಲೇಖನವನ್ನು ಎರಡು ಸಲ ಓದಿದೆವು. ಈಗಿರುವ ಹಾಗೆ ಪ್ರಕಟಿಸಲಾಗದು. ಆದರೆ ಕೈಬಿಡಬೇಡಿ, ಕನ್ನಡದಲ್ಲಿ ಈ ವಿಷಯ ಬರಲೇಬೇಕು.

ಈ ಉಂಗುರಗಳನ್ನು ಕಂಡುಹಿಡಿದ ರಸಾಯನ ವಿಜ್ಞಾನಿ ಪೆಡರ್ಸನ್ ಅವರ ಜೀವನಚರಿತ್ರೆ ಮೂರು ಪುಟ ತಿಂದಿದೆ. 1967ರ ಪ್ರಬಂಧ, ಕ್ರ್ಯಾಮ್ ಮತ್ತು ಲೆನ್ ಜೊತೆ ಹಂಚಿಕೊಂಡ 1987ರ ನೊಬೆಲ್, ಇಷ್ಟಕ್ಕೆ ಎರಡು ವಾಕ್ಯ ಸಾಕು. ಉಳಿಸಬೇಕಾದದ್ದನ್ನೇ ನೀವು ಬಿಟ್ಟಿದ್ದೀರಿ: ಅವರು ಬೇರೇನೋ ತಯಾರಿಸಲು ಹೊರಟಾಗ ಸುಮಾರು ಶೇ 0.4ರಷ್ಟು ಸಿಕ್ಕ ಬಿಳಿ ಹರಳು, ಅಂದರೆ ಕ್ರೌನ್ ಈಥರ್, ಮೆಥನಾಲ್‌ನಲ್ಲಿ ಸರಿಯಾಗಿ ಕರಗುತ್ತಿರಲಿಲ್ಲ, ಸೋಡಿಯಂ ಲವಣ ಬಿದ್ದೊಡನೆ ಕರಗಿತು. ಲೇಖನ ಅಲ್ಲಿಂದಲೇ ಶುರುವಾಗಲಿ.

‘ಬೀಗಕ್ಕೆ ಕೀಲಿಯಂತೆ’ ಎಂದು ನಾಲ್ಕು ಕಡೆ ಬರೆದಿದ್ದೀರಿ. ಉಂಗುರದ ತೂತಿಗೂ ಅಯಾನಿಗೂ ಅಳತೆ ಹೊಂದಿದರೆ ಮುಗಿಯಿತು ಎಂದು ಓದುಗರು ತಿಳಿಯುತ್ತಾರೆ, ಅದು ತಪ್ಪು. 18-ಕ್ರೌನ್-6 (18 ಪರಮಾಣುಗಳ ಉಂಗುರ, ಅವುಗಳಲ್ಲಿ 6 ಆಮ್ಲಜನಕ) ಪೊಟ್ಯಾಸಿಯಂ ಅಯಾನನ್ನು ಹಿಡಿಯುವ ಬಂಧನ ಸ್ಥಿರಾಂಕ, ಅಂದರೆ ಹಿಡಿತದ ಬಲದ ಅಳತೆ, ನೀರಿನಲ್ಲಿ ಸುಮಾರು 100, ಮೆಥನಾಲ್‌ನಲ್ಲಿ ಸುಮಾರು 10 ಲಕ್ಷ. ಉಂಗುರ ಅದೇ, ಅಯಾನೂ ಅದೇ. ನೀರಿನ ಅಣುಗಳು ಅಯಾನನ್ನು ಮೆಥನಾಲ್‌ಗಿಂತ ಬಿಗಿಯಾಗಿ ಸುತ್ತುವರಿದಿರುತ್ತವೆ, ಆ ಹೊದಿಕೆ ಕಳಚಿದ ಮೇಲಷ್ಟೇ ಅದು ಉಂಗುರದೊಳಕ್ಕೆ ಬರಬಲ್ಲದು. ದ್ರಾವಕದ ಹೆಸರಿಲ್ಲದೆ ‘ಗಟ್ಟಿಯಾಗಿ ಹಿಡಿಯುತ್ತದೆ’ ಎಂದು ಬರೆಯಬೇಡಿ.

ದೊಡ್ಡ ತಪ್ಪಿರುವುದು ನ್ಯಾನೊಕಣದ ಭಾಗದಲ್ಲಿ. ‘ಕ್ರೌನ್ ಈಥರ್ ಚಿನ್ನದ ಅಯಾನನ್ನು ಕಣವಾಗಿಸುತ್ತದೆ’ ಎಂದಿದ್ದೀರಿ. ಇಲ್ಲ, ನೀವು ವಿವರಿಸಿದ ವಿಧಾನದಲ್ಲಿ ಆ ಕೆಲಸ ಸಿಟ್ರೇಟ್‌ನದು. ‘ಸ್ವಲ್ಪ ಸಿಟ್ರೇಟ್’ ಎಂದರೂ ಸಾಲದು, ಪ್ರಮಾಣ ಕೊಡಿ: 1 ಮಿಲಿಮೋಲಾರ್ ಸಾಂದ್ರತೆಯ ಕ್ಲೋರೊಆರಿಕ್ ಆಮ್ಲ (ಚಿನ್ನವಿರುವ ಆಮ್ಲ) 20 ಮಿ.ಲೀ., ಚೆನ್ನಾಗಿ ಕುದಿಯುವಾಗ ಶೇ 1ರ ಟ್ರೈಸೋಡಿಯಂ ಸಿಟ್ರೇಟ್ 2 ಮಿ.ಲೀ. ಹತ್ತು ನಿಮಿಷದೊಳಗೆ ತೆಳು ಹಳದಿ ಮಾಸಿ, ಕಪ್ಪಿಟ್ಟು, ದ್ರಾಕ್ಷಾರಸದ ಕೆಂಪಿಗೆ ತಿರುಗುತ್ತದೆ. ಕಣದ ಅಳತೆ ಸುಮಾರು 13 ನ್ಯಾನೊಮೀಟರ್. ಗಾಜಿನ ಪಾತ್ರೆಯಲ್ಲಿ ಹಳೆಯ ಲೋಹದ ಚೂರು ಉಳಿದಿದ್ದರೆ ಕಣಗಳು ಅಲ್ಲೇ ಹುಟ್ಟಿ ಅಡ್ಡಾದಿಡ್ಡಿ ಬೆಳೆಯುತ್ತವೆ, ಅದಕ್ಕೇ ಆಕ್ವಾ ರೀಜಿಯಾದಲ್ಲಿ (ಚಿನ್ನವನ್ನೂ ಕರಗಿಸುವ ತೀಕ್ಷ್ಣ ಆಮ್ಲಗಳ ಮಿಶ್ರಣದಲ್ಲಿ) ತೊಳೆಯುವುದು. ತೊಳೆಯುವುದು ಫ್ಯೂಮ್ ಹುಡ್‌ನೊಳಗೆ (ಹೊಗೆ ಹೊರಗೆಳೆಯುವ ಗೂಡಿನೊಳಗೆ) ಮಾತ್ರ, ಉಳಿದದ್ದನ್ನು ಬಿರಡೆ ಹಾಕಿ ಇಡಬಾರದು ಎಂಬ ಎಚ್ಚರಿಕೆಯೂ ಇರಲಿ.

ಉಂಗುರದ ಸರದಿ ಆಮೇಲೆ. ಗಂಧಕದ ಬಾಲವಿರುವ 15-ಕ್ರೌನ್-5 ಎಂಬ ಇನ್ನೂ ಚಿಕ್ಕ ಉಂಗುರ ಚಿನ್ನಕ್ಕೆ ಅಂಟುತ್ತದೆ. ಅದರ ತೂತು ಪೊಟ್ಯಾಸಿಯಂಗೆ ಚಿಕ್ಕದು. ಹಾಗಾಗಿ ಎರಡು ಕಣಗಳ ಉಂಗುರಗಳು ಒಂದೇ ಅಯಾನನ್ನು ಎರಡು ತಟ್ಟೆಯ ನಡುವಿನ ನಿಂಬೆಹಣ್ಣಿನಂತೆ ಹಿಡಿಯುತ್ತವೆ. ಕಣಗಳು ಹತ್ತಿರವಾಗಿ, 520 ನ್ಯಾನೊಮೀಟರ್ ಬಳಿಯ ಹೀರಿಕೆ ಉದ್ದ ತರಂಗಗಳತ್ತ ಸರಿದು, ಕೆಂಪು ನೀಲಿಯಾಗುತ್ತದೆ, ಪೊಟ್ಯಾಸಿಯಂ ಇದೆ ಎಂಬುದಕ್ಕೆ ಇದೇ ಗುರುತು. ಅಳತೆ ಹೊಂದದಿರುವುದೇ ಇಲ್ಲಿ ಉಪಯೋಗಕ್ಕೆ ಬಂದಿದೆ. ನಿಮ್ಮ ಲೇಖನದ ಜೀವ ಇದು, ನೀವು ಅರ್ಧ ಸಾಲಿನಲ್ಲಿ ಮುಗಿಸಿದ್ದೀರಿ.

ಆದರೆ ಉಂಗುರವಿಲ್ಲದ ಬರಿಯ ಸಿಟ್ರೇಟ್ ಚಿನ್ನಕ್ಕೆ ಅಡುಗೆ ಉಪ್ಪು (ಸೋಡಿಯಂ ಕ್ಲೋರೈಡ್) ಹೆಚ್ಚಾದರೂ ನೀಲಿಯಾಗುತ್ತದೆ. ಪಕ್ಕದ ನಳಿಕೆಯಲ್ಲಿ ಅದೇ ಸಾಂದ್ರತೆಯ ಸೋಡಿಯಂ ಕ್ಲೋರೈಡ್ ಇಟ್ಟು ಹೋಲಿಸದೆ ಪೊಟ್ಯಾಸಿಯಂ ಪತ್ತೆಯಾಯಿತು ಎನ್ನುವಂತಿಲ್ಲ. ರಕ್ತದಲ್ಲಿ ಸೋಡಿಯಂ ಸುಮಾರು 140 ಮಿಲಿಮೋಲಾರ್, ಪೊಟ್ಯಾಸಿಯಂ 4ರ ಆಸುಪಾಸು. ‘ರಕ್ತಪರೀಕ್ಷೆ ಇನ್ನು ನಿಮಿಷದ ಕೆಲಸ’ ಎಂಬ ಸಾಲನ್ನು ದಯವಿಟ್ಟು ತೆಗೆಯಿರಿ.

ಅಯಾನನ್ನು ಹಿಡಿಯುವ ಅಣುವಿಗೆ ಹೋಸ್ಟ್, ಗ್ರಾಹಕ, ಆತಿಥೇಯ ಎಂದು ಮೂರು ಹೆಸರು ಬೇಡ. ಆತಿಥೇಯ ಚೆನ್ನಾಗಿದೆ, ಅದನ್ನೇ ಉಳಿಸಿಕೊಳ್ಳಿ. ಚಿತ್ರವನ್ನೂ ಮತ್ತೆ ಬರೆಯಿರಿ: ಉಂಗುರ ಒಂದು ನ್ಯಾನೊಮೀಟರೂ ಇಲ್ಲ, ನೀವು ಅದನ್ನು ಚಿನ್ನದ ಕಣದಷ್ಟೇ ದೊಡ್ಡದಾಗಿ ಬಿಡಿಸಿದ್ದೀರಿ.